ಮೊದಲು ಮಣ್ಣು ನೋಡಿ, ಆಮೇಲೆ ಗೊಬ್ಬರ ಹಾಕಿ

ದೆಹಲಿಯ ಕರೋಲ್ ಬಾಗಿನಲ್ಲಿ ದಕ್ಷಿಣದಿಂದ ಬಂದು ನೆಲೆಸಿದವರ ತಾರಸಿ ಹತ್ತಿದರೆ ಒಂದಾದರೂ ಕರಿಬೇವಿನ ಕುಂಡ ಕಣ್ಣಿಗೆ ಬೀಳುತ್ತದೆ. ಎಷ್ಟೋ ಸಲ ಅದರ ಹೊಸ ಚಿಗುರು ಹಳದಿಗಟ್ಟಿರುತ್ತದೆ, ಎಲೆಯ ನರಗಳು ಮಾತ್ರ ಹಸಿರಾಗಿರುತ್ತವೆ. ಒಬ್ಬರು ಯೂರಿಯಾ ಹಾಕಿ ಅನ್ನುತ್ತಾರೆ, ಇನ್ನೊಬ್ಬರು ಬೂದಿ ಹಾಕಿ ಅನ್ನುತ್ತಾರೆ, ಮತ್ತೊಬ್ಬರು ಮೊಟ್ಟೆ ಸಿಪ್ಪೆ ಪುಡಿ ಮಾಡಿ ಸುರಿಯಿರಿ ಅನ್ನುತ್ತಾರೆ. ಎಲ್ಲವನ್ನೂ ಹಾಕಿದರೂ ಗಿಡ ಚೇತರಿಸಿಕೊಳ್ಳುವುದಿಲ್ಲ. ಏಕೆಂದರೆ ಆ ಕುಂಡದ ಮಣ್ಣು ಹೇಗಿದೆ ಎಂದು ಯಾರೂ ನೋಡಿಲ್ಲ.

ಮಣ್ಣಿನ ಆರೋಗ್ಯ ಅಂದರೆ ಮಣ್ಣು ತನ್ನ ಕೆಲಸ ಮಾಡುವ ಶಕ್ತಿ. ಮಣ್ಣು ನೀರನ್ನು ಇಂಗಿಸಿಕೊಂಡು ಹಿಡಿದಿಡಬೇಕು. ಬೇರಿಗೆ ಗಾಳಿಯಾಡಲು ಬಿಡಬೇಕು. ಗಿಡಕ್ಕೆ ಪೋಷಕಾಂಶ ಒದಗಿಸಬೇಕು. ಎರೆಹುಳುವಿಗೂ ಕಣ್ಣಿಗೆ ಕಾಣದ ಜೀವಿಗಳಿಗೂ ಇರಲು ಜಾಗ ಕೊಡಬೇಕು. ಇದರಲ್ಲಿ ಒಂದು ಕೆಟ್ಟರೂ ಉಳಿದವು ಕುಂಟುತ್ತವೆ. ಕುಂಡದಲ್ಲಿ ಕೆಟ್ಟರೆ ಒಂದು ಗಿಡ ಹೋಗುತ್ತದೆ. ಹೊಲದಲ್ಲಿ ಕೆಟ್ಟರೆ ಮಳೆ ನೀರು ಇಂಗದೆ ಹರಿದು, ಮೇಲ್ಮಣ್ಣನ್ನೂ ಹಾಕಿದ ಗೊಬ್ಬರವನ್ನೂ ಹೊತ್ತೊಯ್ಯುತ್ತದೆ. ಒಂದು ಸೆಂಟಿಮೀಟರ್ ಮೇಲ್ಮಣ್ಣು ಹುಟ್ಟಲು ನೂರಾರು ವರ್ಷ ಹಿಡಿಯುತ್ತದೆ. ಏನು ಬಿತ್ತಬೇಕು, ಎಷ್ಟು ನೀರು ಬಿಡಬೇಕು, ಯಾವ ಗೊಬ್ಬರಕ್ಕೆ ದುಡ್ಡು ಹಾಕಬೇಕು ಎಂಬ ಪ್ರತಿ ತೀರ್ಮಾನವೂ ಮಣ್ಣಿನಿಂದಲೇ ಶುರುವಾಗಬೇಕು.

ಇದನ್ನು ಕಲಿಯಲು ಕರೋಲ್ ಬಾಗ್ ಒಳ್ಳೆಯ ಜಾಗ. ಒಂದು ಮಗ್ಗುಲಲ್ಲಿ ಅರಾವಳಿ ಸಾಲಿನ ತುದಿಯಾದ ರಿಡ್ಜ್ ಕಾಡು ಇದೆ, ಅಲ್ಲಿ ಕಲ್ಲಿನ ಮೇಲೆ ತೆಳ್ಳಗಿನ ಮಣ್ಣು. ಪೂರ್ವಕ್ಕೆ ಹೋದರೆ ಯಮುನೆ ತಂದು ಹಾಕಿದ ಮೆಕ್ಕಲು ಮಣ್ಣು. ಇನ್ನೊಂದು ಮಗ್ಗುಲಲ್ಲಿ ಪೂಸಾ, ಅಂದರೆ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ. 1905ರಲ್ಲಿ ಬಿಹಾರದ ಪೂಸಾದಲ್ಲಿ ಶುರುವಾದ ಈ ಸಂಸ್ಥೆ, 1934ರ ಭೂಕಂಪದಲ್ಲಿ ಕಟ್ಟಡ ಹಾಳಾದ ಮೇಲೆ 1936ರಲ್ಲಿ ದೆಹಲಿಗೆ ಬಂತು. ಹಳೆಯ ಊರಿನ ಹೆಸರನ್ನೂ ಜೊತೆಗೇ ತಂದಿತು.

ಭಯಪಡಬೇಡಿ, ವಿಜ್ಞಾನ ಓದಿರಬೇಕಾಗಿಲ್ಲ. ಕೆಳಗಿನ ಹಂತಗಳನ್ನು ಮೊದಲು ದೆಹಲಿಯ ಕುಂಡದಲ್ಲಿ ಮಾಡಿ ಕೈ ಪಳಗಿಸಿಕೊಳ್ಳಿ. ರಜೆಗೆ ಊರಿಗೆ ಹೋದಾಗ ಅದನ್ನೇ ಹೊಲದಲ್ಲಿ, ತೋಟದಲ್ಲಿ ಮಾಡಿ.

ಬೇಕಾದ ಸಾಮಾನು

ಒಂದು ಸಣ್ಣ ಖುರ್ಪಿ, ಮುಚ್ಚಳ ಇರುವ ಎರಡು ಗಾಜಿನ ಬಾಟಲಿ, ಪ್ಲಾಸ್ಟಿಕ್ ಬಕೆಟ್, ಹಳೆಯ ದಿನಪತ್ರಿಕೆ, ಸ್ಕೇಲ್, ಪಿಎಚ್ ಪೇಪರ್, ಡಿಸ್ಟಿಲ್ಡ್ ವಾಟರ್, ಸ್ವಲ್ಪ ವಿನೆಗರ್, ಒಂದು ನೋಟ್‌ಬುಕ್, ಪೆನ್ನು. ಊರಿನ ಹೊಲಕ್ಕಾದರೆ ಗುದ್ದಲಿ ಅಥವಾ ಸಲಿಕೆಯೂ ಬೇಕು.

ಹಂತ 1: ಮಣ್ಣಿನ ಕತೆ ಬರೆದುಕೊಳ್ಳಿ

ನೋಟ್‌ಬುಕ್ಕಿನಲ್ಲಿ ಪ್ರತಿ ಕುಂಡಕ್ಕೆ, ಪ್ರತಿ ತಾಕಿಗೆ ಒಂದೊಂದು ಪುಟ ಕೊಡಿ. ಮಣ್ಣು ಎಲ್ಲಿಂದ ಬಂತು, ಯಾವ ನೀರು ಹಾಕುತ್ತೀರಿ, ಕಳೆದ ವರ್ಷ ಏನು ಬೆಳೆದಿರಿ, ಯಾವ ಗೊಬ್ಬರ ಯಾವಾಗ ಹಾಕಿದಿರಿ ಎಂದು ಬರೆಯಿರಿ. ಮನೆಗೆ ಬರುವುದು ಜಲ ಮಂಡಳಿಯ ನೀರೋ ಬೋರ್‌ವೆಲ್ ನೀರೋ ಎಂಬುದನ್ನು ಮರೆಯದೆ ಬರೆಯಿರಿ, ಮುಂದೆ ಬೇಕಾಗುತ್ತದೆ.

ಎಚ್ಚರ: ದೆಹಲಿಯಲ್ಲಿ ಹಳೆ ಮನೆ ಕೆಡವಿದ ಜಾಗದ ಮಣ್ಣನ್ನು ಕುಂಡಕ್ಕೆ ತುಂಬುವವರಿದ್ದಾರೆ. ಅದರಲ್ಲಿ ಮಲ್ಬಾ, ಅಂದರೆ ಸಿಮೆಂಟು, ಸುಣ್ಣ, ಇಟ್ಟಿಗೆ ಚೂರು ಬೆರೆತಿರುತ್ತದೆ. ಹಾಗೆಂದು ರಿಡ್ಜ್ ಕಾಡಿನಿಂದ ಮಣ್ಣು ತರಲೂ ಹೋಗಬೇಡಿ. ಅದು ರಕ್ಷಿತ ಕಾಡು, ಅಲ್ಲಿನ ಮಣ್ಣು ಅಲ್ಲೇ ಇರಬೇಕು.

ಹಂತ 2: ಮಾದರಿ ತೆಗೆಯಿರಿ

ಕುಂಡದಲ್ಲಿ ಮೇಲಿನ ಕಸ, ಎಲೆ ಸರಿಸಿ. ಬೇರಿಗೆ ಪೆಟ್ಟಾಗದಂತೆ ಅಂಚಿನ ಕಡೆಯಿಂದ ನಾಲ್ಕು ಬೆರಳು ಆಳದ ಮಣ್ಣನ್ನು ಒಂದು ಹಿಡಿ ತೆಗೆಯಿರಿ. ಒಂದೇ ಮಣ್ಣು ತುಂಬಿದ ನಾಲ್ಕೈದು ಕುಂಡಗಳಿದ್ದರೆ ಎಲ್ಲದರಿಂದ ಸ್ವಲ್ಪ ಸ್ವಲ್ಪ ತೆಗೆದು ಬೆರೆಸಿ.

ಹೊಲದಲ್ಲಿ ಕ್ರಮ ಬೇರೆ. ಕೊಯ್ಲಾಗಿ ಹೊಲ ಖಾಲಿ ಇರುವಾಗ ಹೋಗಿ. ಅಂಕುಡೊಂಕಾಗಿ ನಡೆಯುತ್ತ ಎಂಟು ಹತ್ತು ಕಡೆ ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದಲ್ಲಿ 15 ಸೆಂಟಿಮೀಟರ್ ಆಳದ ಗುಂಡಿ ತೆಗೆಯಿರಿ. ಗುಂಡಿಯ ಒಂದು ಬದಿಯಿಂದ, ಮೇಲಿನಿಂದ ತಳದವರೆಗೆ, ಎರಡು ಬೆರಳು ದಪ್ಪದ ಪದರ ಕೆರೆದು ಬಕೆಟ್ಟಿಗೆ ಹಾಕಿ. ಎಲ್ಲವನ್ನೂ ಪತ್ರಿಕೆಯ ಮೇಲೆ ಸುರಿದು ಬೆರೆಸಿ, ವೃತ್ತಾಕಾರವಾಗಿ ಹರಡಿ, ನಾಲ್ಕು ಭಾಗ ಮಾಡಿ. ಎದುರುಬದುರಿನ ಎರಡು ಭಾಗ ಬಿಟ್ಟುಬಿಡಿ, ಉಳಿದೆರಡನ್ನು ಮತ್ತೆ ಬೆರೆಸಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೇ ಮಾಡಿ, ನೆರಳಲ್ಲಿ ಒಣಗಿಸಿ.

ಎಚ್ಚರ: ಬದುವಿನ ಪಕ್ಕ, ಮರದ ಬುಡ, ತಿಪ್ಪೆ ಇದ್ದ ಜಾಗ, ನೀರು ನಿಲ್ಲುವ ತಗ್ಗು, ಇವುಗಳಿಂದ ತೆಗೆಯಬೇಡಿ. ಗೊಬ್ಬರದ ಹಳೇ ಚೀಲದಲ್ಲಿ ಮಾದರಿ ತುಂಬಬೇಡಿ. ಕೆಂಪು ಮಣ್ಣಿನ ತಾಕು, ಎರೆ ಮಣ್ಣಿನ ತಾಕು ಎರಡೂ ಇದ್ದರೆ ಎರಡು ಮಾದರಿ ಮಾಡಿ, ಬೆರೆಸಬೇಡಿ.

ಹಂತ 3: ಕೈಯಲ್ಲಿ ಹಿಸುಕಿ ನೋಡಿ

ಒಂದು ಹಿಡಿ ಮಣ್ಣಿಗೆ ಹನಿ ಹನಿಯಾಗಿ ನೀರು ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ತನ್ನಿ. ಹೆಬ್ಬೆರಳು, ತೋರುಬೆರಳ ನಡುವೆ ಒತ್ತುತ್ತ ಪಟ್ಟಿಯಾಗಿ ಹೊರಗೆ ತಳ್ಳಿ. ಪಟ್ಟಿ ಮುರಿದಾಗ ಸ್ಕೇಲ್ ಹಿಡಿದು ಅಳೆಯಿರಿ. ಉಂಡೆಯೇ ಆಗದೆ ಉದುರಿದರೆ ಮರಳು ಹೆಚ್ಚು. 2.5 ಸೆಂಟಿಮೀಟರ್ ಒಳಗೆ ಮುರಿದರೆ ಗೋಡು ಮಣ್ಣು. 5 ಸೆಂಟಿಮೀಟರ್ ದಾಟಿದರೆ ಜೇಡಿ ಹೆಚ್ಚು.

ಮರಳು ಮಣ್ಣಿಗೆ ಸ್ವಲ್ಪ ಸ್ವಲ್ಪ ನೀರನ್ನು ಬೇಗ ಬೇಗ ಕೊಡಬೇಕು. ಜೇಡಿ ಮಣ್ಣಿಗೆ ಅಪರೂಪಕ್ಕೆ, ನಿಧಾನವಾಗಿ ಕೊಡಬೇಕು. ಅಳತೆಯನ್ನು ನೋಟ್‌ಬುಕ್ಕಿಗೆ ಏರಿಸಿ.

ಹಂತ 4: ಬಾಟಲಿಯಲ್ಲಿ ಪದರ ನೋಡಿ

ಕಲ್ಲು, ಬೇರು ತೆಗೆದ ಮಣ್ಣನ್ನು ಗಾಜಿನ ಬಾಟಲಿಯ ಮೂರನೇ ಒಂದು ಭಾಗಕ್ಕೆ ತುಂಬಿ. ಕುತ್ತಿಗೆಯವರೆಗೆ ನೀರು ಹಾಕಿ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಚಮಚ ಸೇರಿಸಿ. ಮುಚ್ಚಳ ಬಿಗಿದು ಐದು ನಿಮಿಷ ಚೆನ್ನಾಗಿ ಕುಲುಕಿ, ಅಲ್ಲಾಡದ ಕಡೆ ಇಡಿ. ಒಂದು ನಿಮಿಷದಲ್ಲಿ ತಳಕ್ಕೆ ಕೂರುವುದು ಮರಳು. ಎರಡು ಗಂಟೆಯೊಳಗೆ ಅದರ ಮೇಲೆ ಕೂರುವುದು ರೇವೆ. ಮಾರನೇ ದಿನದ ಹೊತ್ತಿಗೆ ಎಲ್ಲಕ್ಕಿಂತ ಮೇಲೆ ಜೇಡಿಯ ನುಣುಪು ಪದರ ಕಾಣುತ್ತದೆ. ಮೂರರ ದಪ್ಪವನ್ನೂ ಸ್ಕೇಲಿನಲ್ಲಿ ಅಳೆದು ಬರೆಯಿರಿ.

ಎಚ್ಚರ: ಮಾರನೇ ದಿನವೂ ನೀರು ರಾಡಿಯಾಗಿದ್ದರೆ ಚೆಲ್ಲಬೇಡಿ. ಜೇಡಿ ಕೂರಲು ಇನ್ನೂ ಒಂದೆರಡು ದಿನ ಹಿಡಿಯಬಹುದು.

ಹಂತ 5: ಹೆಂಟೆಯನ್ನು ನೀರಿಗೆ ಬಿಡಿ

ಚೆನ್ನಾಗಿ ಒಣಗಿದ, ನೆಲ್ಲಿಕಾಯಿ ಗಾತ್ರದ ಒಂದು ಹೆಂಟೆಯನ್ನು ಲೋಟದ ನೀರಿಗೆ ಮೆಲ್ಲಗೆ ಬಿಡಿ. ಐದು ನಿಮಿಷ ಕಾಯಿರಿ. ಹೆಂಟೆ ಹಾಗೇ ನಿಂತರೆ ಮಣ್ಣಿನ ಕಣಗಳನ್ನು ಸಾವಯವ ಅಂಶ, ಬೇರಿನ ಎಳೆಗಳು, ಸೂಕ್ಷ್ಮಜೀವಿಗಳ ಅಂಟು ಹಿಡಿದಿಟ್ಟಿವೆ ಎಂದರ್ಥ. ತಕ್ಷಣ ಕರಗಿ ರಾಡಿಯಾದರೆ ಆ ಅಂಟು ಉಳಿದಿಲ್ಲ. ಅಂಥ ಮಣ್ಣು ಮೊದಲ ಜೋರು ಮಳೆಗೇ ಕದಡಿ, ಮೇಲೆ ಹೆಪ್ಪುಗಟ್ಟಿ, ಮುಂದಿನ ನೀರನ್ನು ಒಳಗೆ ಬಿಡುವುದಿಲ್ಲ.

ಊರಿನಲ್ಲಿ ಇದನ್ನು ಮಾಡುವಾಗ ಎರಡು ಹೆಂಟೆ ತೆಗೆದುಕೊಳ್ಳಿ. ಒಂದು ಪದೇಪದೇ ಉಳುವ ಹೊಲದ್ದು, ಇನ್ನೊಂದು ಎಂದೂ ಉಳದ ಬದುವಿನ ಹುಲ್ಲಿನ ಬುಡದ್ದು. ಎರಡು ಲೋಟ ಪಕ್ಕಪಕ್ಕ ಇಟ್ಟು, ಎರಡಕ್ಕೂ ಒಟ್ಟಿಗೇ ಹೆಂಟೆ ಬಿಡಿ. ಹೊಲದ್ದು ಮೊದಲು ಗುಳ್ಳೆ ಎಬ್ಬಿಸುತ್ತದೆ, ಅಂಚು ಜರಿಯುತ್ತದೆ, ನೀರು ಕಂದಾಗುತ್ತದೆ. ಬದುವಿನದು ಬಹಳ ಸಲ ಗಟ್ಟಿಯಾಗಿ ಕೂತಿರುತ್ತದೆ, ನೀರು ತಿಳಿಯಾಗಿಯೇ ಇರುತ್ತದೆ. ಹೊಲ ನೋಡಿಕೊಳ್ಳುವವರನ್ನೂ ಕರೆದು ತೋರಿಸಿ.

ಹಂತ 6: ನೀರು ಇಂಗುವ ವೇಗ ಅಳೆಯಿರಿ

15 ಸೆಂಟಿಮೀಟರ್ ಅಗಲದ ಡಬ್ಬಿಯ ತಳ, ಮುಚ್ಚಳ ಎರಡನ್ನೂ ತೆಗೆಸಿ ಬಳೆಯಂತೆ ಮಾಡಿಕೊಳ್ಳಿ. ಬಯಲಿನ ಮಣ್ಣಿನಲ್ಲಿ ಮೂರು ಬೆರಳು ಆಳಕ್ಕೆ ಒತ್ತಿ ಕೂರಿಸಿ. 450 ಮಿಲಿಲೀಟರ್ ನೀರು ಸುರಿಯಿರಿ, ಇದು ಸುಮಾರು ಒಂದು ಅಂಗುಲ ಮಳೆಗೆ ಸಮ. ಅದು ಇಂಗಿದ ಮೇಲೆ ಮತ್ತೆ ಅಷ್ಟೇ ಸುರಿದು ಗಡಿಯಾರ ನೋಡಿ. ಎರಡನೇ ಸಲದ ಸಮಯವನ್ನೇ ಲೆಕ್ಕಕ್ಕೆ ಹಿಡಿಯಿರಿ. ಅರ್ಧ ಗಂಟೆಯೊಳಗೆ ಇಂಗಿದರೆ ಸಮಾಧಾನ. ಒಂದು ಗಂಟೆ ಮೀರಿದರೆ ಮಣ್ಣು ಒತ್ತಿಹೋಗಿರಬಹುದು. ಎರೆ ಮಣ್ಣು ಹಸಿಯಾದಾಗ ಸ್ವಭಾವದಿಂದಲೇ ನಿಧಾನ, ಅದನ್ನು ಕಾಯಿಲೆ ಅಂದುಕೊಳ್ಳಬೇಡಿ.

ಕರೋಲ್ ಬಾಗಿನ ಗಲ್ಲಿಗಳಲ್ಲಿ ಬಯಲು ಮಣ್ಣೇ ಅಪರೂಪ. ಹಾಗಾಗಿ ಇಲ್ಲಿ ಇನ್ನೊಂದು ಕೆಲಸ ಮಾಡಿ: ಮನೆ ಮುಂದಿನ ಬೇವು, ಅರಳಿ ಮರದ ಬುಡ ನೋಡಿ. ಮರದ ಸುತ್ತ ಒಂದು ಮೀಟರ್‌ವರೆಗಿನ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ದೆಹಲಿಗೆ ಆದೇಶ ಕೊಟ್ಟಿದೆ. ಟೈಲ್ಸ್ ಬುಡಕ್ಕೇ ತಾಗಿದ್ದರೆ ಪಾಲಿಕೆಗೆ ದೂರು ಕೊಡಿ. ನೀವೇ ಹಾರೆ ಹಿಡಿದು ಅಗೆಯಬೇಡಿ, ಬೇರಿಗೆ ಪೆಟ್ಟಾಗುತ್ತದೆ.

ಹಂತ 7: ಎರೆಹುಳು ಎಣಿಸಿ

ಮಣ್ಣು ತೇವವಾಗಿರುವಾಗ ಒಂದು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಮಣ್ಣನ್ನು ಗೋಣಿತಟ್ಟಿನ ಮೇಲೆ ಹಾಕಿ. ಕೈಯಿಂದ ಬಿಡಿಸುತ್ತ ಎರೆಹುಳು ಎಣಿಸಿ. ಹತ್ತು ಅಥವಾ ಹೆಚ್ಚು ಸಿಕ್ಕರೆ ಮಣ್ಣು ಜೀವಂತವಾಗಿದೆ. ಎಣಿಸಿದ ಮೇಲೆ ಹುಳುಗಳನ್ನೂ ಮಣ್ಣನ್ನೂ ವಾಪಸ್ ಹಾಕಿ.

ಎಚ್ಚರ: ಮೇ ತಿಂಗಳ ಬಿಸಿಲಲ್ಲೋ ಜನವರಿಯ ಚಳಿಯಲ್ಲೋ ದೆಹಲಿಯಲ್ಲಿ ಅಗೆದು ಹುಳು ಇಲ್ಲವೆಂದು ಕೈಚೆಲ್ಲಬೇಡಿ. ಅವು ಆಗ ಆಳಕ್ಕೆ ಇಳಿದಿರುತ್ತವೆ. ಆಗಸ್ಟ್, ಸೆಪ್ಟೆಂಬರ್ ಸರಿಯಾದ ಕಾಲ. ಪಾರ್ಕಿನಲ್ಲಿ ಅಗೆಯುವ ಮುನ್ನ ಅನುಮತಿ ಪಡೆಯಿರಿ.

ಹಂತ 8: ಹುಳಿಯೋ ಕ್ಷಾರವೋ ತಿಳಿಯಿರಿ

20 ಗ್ರಾಂ ಒಣ ಮಣ್ಣಿಗೆ 50 ಮಿಲಿಲೀಟರ್ ಡಿಸ್ಟಿಲ್ಡ್ ವಾಟರ್ ಹಾಕಿ. ಅರ್ಧ ಗಂಟೆ ಆಗಾಗ ಕಲಕಿ. ತಿಳಿಯಾದ ನೀರಿಗೆ ಪಿಎಚ್ ಪೇಪರ್ ಅದ್ದಿ, ಬಣ್ಣವನ್ನು ಪ್ಯಾಕೆಟ್ಟಿನ ಪಟ್ಟಿಯೊಂದಿಗೆ ಹೋಲಿಸಿ. 6.5ರಿಂದ 7.5 ಇದ್ದರೆ ಬಹುತೇಕ ಗಿಡಗಳಿಗೆ ಹಿತ. ಅದಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ.

ಇನ್ನೊಂದು ಚಿಟಿಕೆ ಒಣ ಮಣ್ಣಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ಚುಯ್ ಎಂದು ನೊರೆ ಬಂದರೆ ಮಣ್ಣಿನಲ್ಲಿ ಸುಣ್ಣ ಇದೆ. ಮಲ್ಬಾ ಬೆರೆತ ಮಣ್ಣನ್ನು ಇದು ಕೂಡಲೇ ಹಿಡಿದುಕೊಡುತ್ತದೆ.

ಹೊಸಬರು ಹೆಚ್ಚು ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ. ಮಲೆನಾಡು, ಕರಾವಳಿಯಲ್ಲಿ ಜೋರು ಮಳೆಗೆ ಸುಣ್ಣದಂಶ ತೊಳೆದುಹೋಗಿ ಮಣ್ಣು ಹುಳಿಯಾಗಿರುತ್ತದೆ. ಅಲ್ಲಿ ಬೂದಿ, ಸುಣ್ಣ ಹಾಕುವ ಹಿರಿಯರ ರೂಢಿ ಸರಿಯಾದದ್ದೇ. ದೆಹಲಿಯ ಮಣ್ಣು ಸಾಮಾನ್ಯವಾಗಿ ಕ್ಷಾರದ ಕಡೆಗೇ ವಾಲಿರುತ್ತದೆ. ಅದೇ ಬೂದಿಯನ್ನು, ಮೊಟ್ಟೆ ಸಿಪ್ಪೆಯನ್ನು ಇಲ್ಲಿ ಹಾಕಿದರೆ ಕ್ಷಾರ ತಗ್ಗುವುದಂತೂ ಇಲ್ಲ, ಬೂದಿಯಿಂದ ಇನ್ನೂ ಏರುತ್ತದೆ. ಕ್ಷಾರ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವ ರೂಪದಲ್ಲಿ ಇರುವುದಿಲ್ಲ. ನರ ಹಸಿರಾಗಿ ಉಳಿದು ಚಿಗುರು ಹಳದಿಯಾಗುವುದು ಕಬ್ಬಿಣದ ಕೊರತೆಯ ಗುರುತು. ಆದರೆ ಚಳಿಗಾಲದಲ್ಲಿ ಕರಿಬೇವಿನ ಹಳೆ ಎಲೆ ಹಳದಿಯಾಗಿ ಉದುರುವುದು ಸಹಜ, ಎರಡನ್ನೂ ಬೆರೆಸಬೇಡಿ.

ಹಂತ 9: ಲ್ಯಾಬಿಗೆ ಕೊಡಿ

ಮನೆಯ ಪರೀಕ್ಷೆ ಮಣ್ಣಿನ ಗುಣ ಹೇಳುತ್ತದೆ. ಸತು, ಬೋರಾನ್, ಗಂಧಕ ಎಷ್ಟಿದೆ ಎಂದು ಲ್ಯಾಬ್ ಮಾತ್ರ ಹೇಳಬಲ್ಲದು. ಊರಿನ ಹೊಲಕ್ಕೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೋ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ವಿಚಾರಿಸಿ. ದೆಹಲಿಯಲ್ಲಿ ಪೂಸಾ ಸಂಸ್ಥೆಯಲ್ಲಿ ಅಥವಾ ಉಜ್ವಾದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಶುಲ್ಕ, ಸಮಯ ಕೇಳಿಕೊಂಡು ಹೋಗಿ. ಹೆಸರು, ಊರು, ಸರ್ವೆ ನಂಬರ್, ಮಾದರಿ ತೆಗೆದ ದಿನ, ಮುಂದೆ ಹಾಕುವ ಬೆಳೆ ಬರೆದ ಚೀಟಿಯನ್ನು ಚೀಲದ ಒಳಗೊಂದು, ಹೊರಗೊಂದು ಇಡಿ.

ಇದರಿಂದ ಏನು ಲಾಭ ಎಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆ ಇದೆ. 2009ರಲ್ಲಿ ಶುರುವಾದ ಭೂಚೇತನ ಯೋಜನೆಯಲ್ಲಿ ಕೃಷಿ ಇಲಾಖೆ ಮತ್ತು ಹೈದರಾಬಾದಿನ ಇಕ್ರಿಸ್ಯಾಟ್ ಸಂಸ್ಥೆ ಮಳೆಯಾಶ್ರಿತ ಹೊಲಗಳ ಮಣ್ಣು ಪರೀಕ್ಷೆ ಮಾಡಿಸಿದವು. ಬಹಳ ಕಡೆ ಗಂಧಕ, ಸತು, ಬೋರಾನ್ ಕೊರತೆ ಕಂಡಿತು. ಅದಕ್ಕೆ ತಕ್ಕಂತೆ ಜಿಪ್ಸಂ, ಸತುವಿನ ಸಲ್ಫೇಟ್, ಬೋರಾಕ್ಸ್ ಹಾಕಿಸಿದಾಗ ಇಳುವರಿ ಏರಿತು. ಈ ಕೊರತೆ ಇರುವಲ್ಲಿ ಎಷ್ಟು ಯೂರಿಯಾ ಸುರಿದರೂ ಅದು ನೀಗುವುದಿಲ್ಲ.

ಹಂತ 10: ಮಣ್ಣು ಆರೋಗ್ಯ ಚೀಟಿ ಓದಿ

ಕೇಂದ್ರ ಸರ್ಕಾರ 2015ರ ಫೆಬ್ರುವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ, ಲ್ಯಾಬಿನ ಫಲಿತಾಂಶ ಬರೆದಿರುವ ಈ ಚೀಟಿಯ ಯೋಜನೆ ಶುರುಮಾಡಿತು. ಚೀಟಿಯಲ್ಲಿ 12 ಅಂಶಗಳಿರುತ್ತವೆ. ಸಂಖ್ಯೆ ನೋಡಿ ಭಯಪಡಬೇಡಿ, ಮೊದಲು ಮೂರನ್ನು ಮಾತ್ರ ಓದಿ.

ಮೊದಲನೆಯದು ಸಾವಯವ ಇಂಗಾಲ. ಶೇ. 0.5ಕ್ಕಿಂತ ಕಡಿಮೆ ಇದ್ದರೆ ಕೊರತೆ, 0.5ರಿಂದ 0.75 ಮಧ್ಯಮ, ಅದಕ್ಕೂ ಮೇಲಾದರೆ ಉತ್ತಮ. ಎರಡನೆಯದು ಪಿಎಚ್, ಹಂತ 8ರಲ್ಲಿ ನೀವು ಕಂಡದ್ದಕ್ಕೆ ಹೋಲಿಸಿ. ಮೂರನೆಯದು ಇಸಿ, ಅಂದರೆ ಉಪ್ಪಿನ ಅಳತೆ. 1ಕ್ಕಿಂತ ಕೆಳಗಿದ್ದರೆ ತೊಂದರೆ ಇಲ್ಲ. ಆಮೇಲೆ ಉಳಿದ ಒಂಬತ್ತಕ್ಕೆ ಬನ್ನಿ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಪ್ರತಿಯೊಂದರ ಮುಂದೆ ಅದರ ಮಟ್ಟ ಬರೆದಿರುತ್ತದೆ. ‘ಕಡಿಮೆ’ ಅಥವಾ ‘ಕೊರತೆ’ ಎಂದಿರುವುದಕ್ಕೆ ಮಾತ್ರ ಗುರುತು ಹಾಕಿ.

ಹಂತ 11: ಒಂದೊಂದನ್ನೇ ಸರಿಪಡಿಸಿ

ಇಂಗಾಲ ಕಡಿಮೆ ಇದ್ದರೆ: ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಹಾಕಿ, ಮಣ್ಣಿನ ಮೇಲೆ ಒಣ ಎಲೆ ಮುಚ್ಚಿ. ಮಾರ್ಚ್, ಏಪ್ರಿಲಿನಲ್ಲಿ ದೆಹಲಿಯ ಬೇವು ಸುರಿಸುವ ಎಲೆಯನ್ನು ಸುಡಬೇಡಿ, ಹಸಿರು ನ್ಯಾಯಮಂಡಳಿ 2015ರಲ್ಲೇ ಇದನ್ನು ನಿಷೇಧಿಸಿದೆ. ಡ್ರಮ್ಮಿನಲ್ಲಿ ತುಂಬಿ ತೇವ ಕಾಪಾಡಿ ಕೊಳೆಸಿ. ಕಾಂಪೋಸ್ಟಿಗೆ ನಮ್ಮದೇ ದಾರಿಯೂ ಇದೆ. 1939ರಲ್ಲಿ ಆಚಾರ್ಯ ಎಂಬ ವಿಜ್ಞಾನಿ ರೂಪಿಸಿದ ಬೆಂಗಳೂರು ಪದ್ಧತಿಯಲ್ಲಿ ಕಸವನ್ನು ಪದರ ಪದರವಾಗಿ ಗುಂಡಿಗೆ ತುಂಬಿ, ಮೇಲೆ ಕೆಸರು ಮೆತ್ತಿ ಬಿಡುತ್ತಾರೆ. ಮಗುಚುವ ಕೆಲಸವಿಲ್ಲ, ಗೊಬ್ಬರವಾಗಲು ಆರೇಳು ತಿಂಗಳು ಬೇಕು. ಊರಿನ ಹೊಲಕ್ಕೆ ಸೆಣಬು ಅಥವಾ ಡಯಂಚ ಬಿತ್ತಿ ಹೂ ಬರುವ ಹೊತ್ತಿಗೆ ಉತ್ತು ಸೇರಿಸಿ. ಕಬ್ಬಿನ ರವದಿಗೆ ಬೆಂಕಿ ಇಡಬೇಡಿ, ಸಾಲಿನಲ್ಲೇ ಹರಡಿ.

ಕ್ಷಾರ ಹೆಚ್ಚಿದ್ದರೆ: ಬೂದಿ, ಸುಣ್ಣ ನಿಲ್ಲಿಸಿ. ಕುಂಡದ ಮಲ್ಬಾ ಆರಿಸಿ ತೆಗೆದು, ಮೂರನೇ ಒಂದು ಭಾಗ ಮಣ್ಣಿನ ಬದಲು ಕಾಂಪೋಸ್ಟ್ ತುಂಬಿ. ಹಳದಿ ಚಿಗುರಿಗೆ ಲೀಟರ್ ನೀರಿಗೆ 5 ಗ್ರಾಂ ಕಬ್ಬಿಣದ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ಸಂಜೆ ಸಿಂಪಡಿಸಿ. ಮೊದಲು ನಾಲ್ಕೈದು ಎಲೆಗೆ ಮಾತ್ರ ಹಾಕಿ, ಎರಡು ದಿನ ಕಾದು ನೋಡಿ. ಸಿಂಪಡಿಸಿದ ಎಲೆಯನ್ನು ಅಡುಗೆಗೆ ಕೀಳಬೇಡಿ.

ಉಪ್ಪು ಹೆಚ್ಚಿದ್ದರೆ: ಯಾವ ನೀರು ಹಾಕುತ್ತೀರೆಂದು ಹಂತ 1ರಲ್ಲಿ ಬರೆದದ್ದನ್ನು ನೋಡಿ. ಕುಂಡದ ಅಂಚಿನ ಬಿಳಿ ಪೊರೆ ಕೆರೆದು ತೆಗೆಯಿರಿ. ತಳದ ತೂತು ಬಿಡಿಸಿ, ಸಿಹಿನೀರು ತಳದಿಂದ ಹರಿದುಹೋಗುವಷ್ಟು ಹಾಕಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ. ಮಳೆಗಾಲದಲ್ಲಿ ತಾರಸಿಯ ಮಳೆನೀರು ಹಿಡಿದಿಡಿ. ಹೊಲಕ್ಕೆ ಜಿಪ್ಸಂ ಬೇಕೇ, ಎಷ್ಟು ಬೇಕು ಎಂಬುದನ್ನು ಲ್ಯಾಬ್ ಹೇಳಿದ ಮೇಲೆಯೇ ನಿರ್ಧರಿಸಿ.

ನೀರು ಇಂಗದಿದ್ದರೆ: ಹಸಿ ಮಣ್ಣನ್ನು ತುಳಿಯಬೇಡಿ, ಹಸಿಯಿದ್ದಾಗ ಟ್ರ್ಯಾಕ್ಟರ್ ಇಳಿಸಬೇಡಿ. ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮಾಡಿಸಿ, ಬದು ಗಟ್ಟಿ ಮಾಡಿ. ರಾಗಿ, ಜೋಳದ ನಡುವೆ ಅಲಸಂದೆ, ತೊಗರಿ, ಹುರುಳಿ ಬರುವಂತೆ ಬೆಳೆ ಬದಲಿಸಿ.

ಎಚ್ಚರ: ಎಲ್ಲವನ್ನೂ ಒಂದೇ ವಾರ ಮಾಡಬೇಡಿ. ಯಾವುದು ಫಲ ಕೊಟ್ಟಿತೆಂದು ಆಮೇಲೆ ತಿಳಿಯುವುದಿಲ್ಲ.

ಹಂತ 12: ಮತ್ತೆ ಅಳೆಯಿರಿ

ಹಂತ 3ರಿಂದ 8ರವರೆಗಿನ ಪರೀಕ್ಷೆಗಳನ್ನು ಮುಂದಿನ ವರ್ಷ ಅದೇ ತಿಂಗಳಲ್ಲಿ, ಅದೇ ಜಾಗದಲ್ಲಿ ಮಾಡಿ. ಲ್ಯಾಬ್ ಪರೀಕ್ಷೆ ಎರಡು ಮೂರು ವರ್ಷಕ್ಕೊಮ್ಮೆ ಸಾಕು. ಸಾವಯವ ಇಂಗಾಲ ನಿಧಾನವಾಗಿ ಏರುತ್ತದೆ, ಒಂದು ವರ್ಷದಲ್ಲಿ ಸಂಖ್ಯೆ ಕದಲದಿದ್ದರೆ ಬೇಸರ ಬೇಡ. ಹೆಂಟೆ ಕರಗುವ ಸಮಯ, ಎರೆಹುಳುವಿನ ಎಣಿಕೆ, ನೀರು ಇಂಗುವ ವೇಗ ಇವು ಮೊದಲು ಬದಲಾಗುತ್ತವೆ.

ಊರಿನ ಜಮೀನನ್ನು ಗುತ್ತಿಗೆಗೆ ಕೊಟ್ಟು ದೆಹಲಿಯಲ್ಲಿ ಇರುವವರಿಗೆ ಒಂದು ಮಾತು. ವರ್ಷದ ಗುತ್ತಿಗೆ ಹಣ ಎಷ್ಟು ಬಂತೆಂದು ಕೇಳುವಾಗ ಮಣ್ಣು ಪರೀಕ್ಷೆ ಆಗಿದೆಯೇ ಎಂದೂ ಕೇಳಿ. ಪರೀಕ್ಷೆಯ ಖರ್ಚನ್ನು ನೀವೇ ಕೊಡಿ, ಚೀಟಿಯನ್ನು ಉಳುವವರ ಕೈಗೆ ಕೊಡಿ. ಒಂದು ಚೀಲ ಗೊಬ್ಬರ ಕೊಳ್ಳುವ ಮುನ್ನ ಅರ್ಧ ಕಿಲೋ ಮಣ್ಣು ಲ್ಯಾಬಿಗೆ ಹೋಗಲಿ. ಜಮೀನು ಯಾರ ಹೆಸರಿನಲ್ಲಿದ್ದರೂ ಅದರ ಮೇಲ್ಮಣ್ಣನ್ನು ಮುಂದಿನವರಿಗೆ ಉಳಿಸಿಕೊಡುವುದು ನಮ್ಮ ಜವಾಬ್ದಾರಿ. ಈ ವಾರವೇ ಒಂದು ಕುಂಡದಿಂದ ಶುರು ಮಾಡಿ.